ಇಳಿಜಾರಿನ ಸೈಟು: ಪಾಯಕ್ಕೆ ಮುಂಚೆ ಮಣ್ಣು ನೋಡಿ

ಮೇಲುಕೋಟೆ ಕಡೆ ಗುಡ್ಡದ ಬುಡದಲ್ಲಿ ಮನೆ ಕಟ್ಟಿಸುವವರು ಕರೆದರೆ, ಮೊದಲು ಹಾರೆ ತನ್ನಿ ಅನ್ನುತ್ತೇನೆ. ನಕ್ಷೆ ಆಮೇಲೆ. ಸೈಟಿನ ಮೇಲ್ಗಡೆ ಒಂದು, ಕೆಳಗಡೆ ಒಂದು ಗುಂಡಿ ತೋಡಿಸಿ. ಮೇಲೆ ಮೊಣಕಾಲುದ್ದಕ್ಕೇ ಬಂಡೆ ಸಿಗಬಹುದು. ಕೆಳಗೆ ಬರೀ ಕೊಚ್ಚಿ ಬಂದ ಸಡಿಲ ಮಣ್ಣಿರಬಹುದು. ಅರ್ಧ ಪಾಯ ಬಂಡೆ ಮೇಲೆ, ಅರ್ಧ ಸಡಿಲ ಮಣ್ಣಿನ ಮೇಲೆ ಕೂತರೆ ಗೋಡೆ ಬಿರುಕು ಬಿಡುತ್ತದೆ. ಗಟ್ಟಿ ಗರಸು ಸಿಗುವವರೆಗೂ ಇಳಿಯಿರಿ. ಇಳಿಜಾರಿನ ಮಣ್ಣು ಹಿಡಿಯುವ ತಡೆಗೋಡೆಯಲ್ಲಿ ನೀರು ಹೋಗಲು ಪೈಪು ಬಿಡಲೇಬೇಕು, ಇಲ್ಲದಿದ್ದರೆ ಹಿಂದಿನ ಮಣ್ಣು ನೀರು ಕುಡಿದು ಗೋಡೆಯನ್ನೇ ತಳ್ಳುತ್ತದೆ. 2021ರ ಮಳೆಯಲ್ಲಿ ಚಾಮುಂಡಿ ಬೆಟ್ಟದ ನಂದಿಗೆ ಹೋಗುವ ರಸ್ತೆ ಕುಸಿದದ್ದು ನೆನಪಿದೆ ಅಲ್ವಾ?

ಸೆಪ್ಟಿಕ್ ಟ್ಯಾಂಕಿನ ಇಂಗುಗುಂಡಿಗೆ ಸುಮ್ನೆ ಜಾಗ ಗುರುತು ಮಾಡಬೇಡಿ. ಅದೇ ಆಳಕ್ಕೆ ಒಂದು ಸಣ್ಣ ಗುಂಡಿ ತೆಗೆದು ರಾತ್ರಿಯಿಡೀ ನೀರು ನಿಲ್ಲಿಸಿ. ಬೆಳಿಗ್ಗೆ 6 ಇಂಚು ನೀರು ಹಾಕಿ, ಕಡ್ಡಿಗೆ ಗುರುತು ಮಾಡಿ, ಅರ್ಧ ಗಂಟೆಗೊಮ್ಮೆ ಅಳೆಯಿರಿ. ಒಂದು ಇಂಚು ಇಳಿಯಲು ಗಂಟೆಗಿಂತ ಜಾಸ್ತಿ ಹಿಡಿದರೆ ಅಲ್ಲಿ ಇಂಗುಗುಂಡಿ ಬೇಡ. ಬಂಡೆಯಲ್ಲಿ ಸೀಳು ಕಂಡರೂ ಬೇಡ. ನೀರು ಬೇಗ ಹೋಗುತ್ತದೆ ನಿಜ, ಆದರೆ ಮಣ್ಣಿನಲ್ಲಿ ಸೋಸದೆ ಕೆಳಗಿನವರ ಬಾವಿ ಸೇರುತ್ತದೆ. ಬಾವಿ, ಬೋರ್‌ವೆಲ್‌ನಿಂದ 18 ಮೀಟರ್ ದೂರ ಇರಲಿ, ಅದೂ ಇಳಿಜಾರಿನ ಕೆಳಗಡೆ. ಅಷ್ಟು ಜಾಗ ಎಲ್ಲಿದೆ ಅಂತ ಮಾಲೀಕರು ಗೊಣಗುತ್ತಾರೆ. ಗೊಣಗಲಿ.

ಪಾಯ ತೋಡುವಾಗ ಮೇಲಿನ ಒಂದು ಗೇಣು ಮಣ್ಣನ್ನು ಕೈತೋಟಕ್ಕೆಂದು ಬೇರೆ ರಾಶಿ ಹಾಕಿಸಿ. ಇಲ್ಲಿಯ ಕೆಮ್ಮಣ್ಣಿನಲ್ಲಿ ಸತ್ವ ಇರುವುದು ಅಲ್ಲೇ. ಇಳಿಜಾರಿಗೆ ಅಡ್ಡವಾಗಿ ಕಲ್ಲಿನ ಬದು ಕಟ್ಟಿ, ಕೊಟ್ಟಿಗೆ ಗೊಬ್ಬರ ಬೆರೆಸಿ. ಬಂಡೆ ಮಗ್ಗುಲಲ್ಲಿ ತೆಂಗಿನ ಆಸೆ ಬಿಡಿ. ಸೀತಾಫಲ, ನುಗ್ಗೆ ಹಾಕಿ.