ಬಳ್ಳಾರಿ ಬಿಸಿಲಿಗೂ ಪಿಯಾನೋ ಶ್ರುತಿ ನಿಲ್ಲುತ್ತದೆ

ಬಳ್ಳಾರಿಯಲ್ಲಿದ್ದುಕೊಂಡು ಪಿಯಾನೋ ಕಛೇರಿಗೆ ತಯಾರಾಗೋದು ಆಗದ ಮಾತು ಅಂತ ಬುದ್ಧಿ ಹೇಳಿದವರಲ್ಲಿ ಪಿಯಾನೋ ನುಡಿಸುವವರೇ ಹೆಚ್ಚು. "ಡಿಜಿಟಲ್ ಇಟ್ಕೊಂಡು ಮಕ್ಕಳಿಗೆ ಗ್ರೇಡ್ ಪರೀಕ್ಷೆ ಪಾಠ ಹೇಳು, ಕಛೇರಿ ಬೇಕಂದ್ರೆ ಬೆಂಗಳೂರಿಗೆ ಬಂದುಬಿಡು" ಅಂದರು. ಹೋದ ಜೂನಿನಲ್ಲಿ ಅದೇ ಬೆಂಗಳೂರಿನಲ್ಲಿ ಒಂದು ಗಂಟೆಗೂ ಮೀರಿ ನುಡಿಸಿದೆ: ಬಾಖ್‌ನ ಸಿ ಮೈನರ್ ಪ್ರಿಲ್ಯೂಡ್ (ಪೀಠಿಕೆಯಂಥ ಪುಟ್ಟ ರಚನೆ) ಮತ್ತು ಫ್ಯೂಗ್ (ಒಂದೇ ಎಳೆಯನ್ನು ಹಲವು ಧ್ವನಿಗಳು ಒಂದರ ಹಿಂದೊಂದು ಹಾಡುವ ರಚನೆ), ಬೀಥೋವನ್‌ನ ಪಥೆಟಿಕ್ ಸೊನಾಟಾ, ಶೋಪಾನ್‌ನ 24 ಪ್ರಿಲ್ಯೂಡುಗಳು. ಅಷ್ಟೂ ತಯಾರಿ ಮಾರ್ಚಿನಿಂದ ಮೇ ತನಕ, ಬಳ್ಳಾರಿ ಜಿಲ್ಲೆಯ ಕುರುಗೋಡಿನಲ್ಲಿ ಆದದ್ದು.

ಹಳೇ ಜಪಾನಿ ಅಪ್‌ರೈಟ್‌ಗೆ (ತಂತಿಗಳು ನೆಟ್ಟಗೆ ನಿಂತಿರುವ, ಬೀರು ಥರದ ಪಿಯಾನೋ) 1 ಲಕ್ಷ 80 ಸಾವಿರದ ಆಸುಪಾಸು ಕೊಟ್ಟೆ. ಲಾರಿ ಬಾಡಿಗೆ, ಹಮಾಲಿ ಸೇರಿ ಇನ್ನೊಂದು 25 ಸಾವಿರ. ಮೊದಲು ಇಟ್ಟದ್ದು ಬಳ್ಳಾರಿಯ ಬಾಡಿಗೆ ಮನೆ ಮಹಡಿಯ ಆರ್‌ಸಿಸಿ ಕೋಣೆಯಲ್ಲಿ. ಏಪ್ರಿಲ್‌ನಲ್ಲಿ ಹೊರಗೆ 42 ಡಿಗ್ರಿ, ಒಳಗೆ ಗಾಳಿಯ ತೇವ ಶೇಕಡ 20ರ ಹತ್ತಿರ. ದನಿ ಎತ್ತುವ ಮರದ ಹಲಗೆ, ಸೌಂಡ್‌ಬೋರ್ಡ್, ಒಣಗಿ ಶ್ರುತಿ ಜಾರಿತು. ಶ್ರುತಿ ಮಾಡುವ ಟ್ಯೂನರ್ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬಂದುಹೋದರೆ ಕೂಲಿ, ಖರ್ಚು ಎಲ್ಲ ಸೇರಿ 7-8 ಸಾವಿರ. ಆ ಶ್ರುತಿ ತಿಂಗಳೂ ನಿಲ್ಲಲಿಲ್ಲ.

ಕೂಲರ್ ತಂದೆ. ತೇವ 70 ದಾಟಿ ಕೀಲಿಗಳು ಉಬ್ಬಿ ಅಂಟಿಕೊಂಡವು. ಮಧ್ಯಾಹ್ನ ಕರೆಂಟ್ ಹೋದರೆ ಮತ್ತೆ ಮೂವತ್ತರ ಕೆಳಗೆ. ಎಸಿ ಹಾಕಿಸಿದೆ, ಅದು ಇನ್ನಷ್ಟು ಒಣಗಿಸಿತು, ಬಿಲ್ ಬೇರೆ. ಲಾವಂಚದ ಪರದೆ, ಬಾನಿ ತುಂಬ ನೀರು, ಎಲ್ಲ ಆಯಿತು. ಎರಡು ಬೇಸಿಗೆಯಲ್ಲಿ ಅರವತ್ತು ಸಾವಿರದ ಮೇಲೆ ಕೈಬಿಟ್ಟಿತು. "ಈ ಬಿಸಿಲಿಗೆ ನಾವೇ ನಿಲ್ಲಲ್ಲ, ನಿನ್ ಪೆಟ್ಟಿಗಿ ನಿಲ್ತದೇನಮ್ಮ?" ಅಂತ ಮನೆ ಮಾಲೀಕರು ಕೇಳೋರು.

ತೇವ ಕಡಿಮೆಯಾಗೋದಕ್ಕಿಂತ ಅದು ಏರಿಳಿಯೋದು ಕೆಟ್ಟದ್ದು ಅನ್ನೋದನ್ನ ನನ್ನ ಕಿವಿಗೆ ಹಾಕಿದ್ದು ಶೋಪಾನ್‌ನ ಹದಿನೈದನೇ ಪ್ರಿಲ್ಯೂಡು. ಅದರ ಉದ್ದಕ್ಕೂ ಒಂದೇ ಸ್ವರ ಬಡಿಯುತ್ತಲೇ ಇರುತ್ತದಲ್ಲ, ಮೊದಲು ಎಡಗೈಯಲ್ಲಿ, ನಡುಭಾಗದಲ್ಲಿ ಬಲಗೈಯಲ್ಲಿ. ಆ ಒಂದು ಕೀಲಿಯ ಮೂರು ತಂತಿಗಳಲ್ಲಿ ಒಂದು ಕೂದಲೆಳೆಯಷ್ಟು ಸಡಿಲಾದರೂ ಸಾಕು, ವೊಂಯ್ ವೊಂಯ್ ಅಂತ ಅಲೆ ಏಳುತ್ತದೆ. ಬೇರೆ ತುಣುಕಿನಲ್ಲಾದರೆ ಮುಚ್ಚಿಹೋಗುತ್ತದೆ, ಇಲ್ಲಿ ಪ್ರತಿ ಬಡಿತಕ್ಕೂ ಕೇಳಿಸುತ್ತದೆ. ಕೂಲರ್ ಹಾಕಿದ ಸಂಜೆ ಒಂದು ಥರ, ಬೆಳಗ್ಗೆ ಇನ್ನೊಂದು ಥರ. ಈ ಪ್ರಿಲ್ಯೂಡುಗಳನ್ನು ಶೋಪಾನ್ ಮುಗಿಸಿದ್ದು ಮಯೋರ್ಕಾ ದ್ವೀಪದಲ್ಲಿ. ಪ್ಯಾರಿಸ್‌ನಿಂದ ಬಂದ ಪ್ಲೆಯೆಲ್ ಕಂಪನಿಯ ಪಿಯಾನೋ ಸುಂಕದ ಕಟ್ಟೆಯಲ್ಲಿ ಸಿಕ್ಕಿಕೊಂಡು ಅವನ ಕೈಸೇರಿದ್ದು 1839ರ ಜನವರಿಯಲ್ಲಿ. ಅಲ್ಲಿಯವರೆಗೆ ಸ್ಥಳೀಯ ಪಿಯಾನೋವೊಂದೇ ಗತಿ. ಅದನ್ನು ಓದಿ ನನಗೆ ಧೈರ್ಯ ಬಂತು.

ಕುರುಗೋಡಿನಲ್ಲಿ ನಮ್ಮಜ್ಜಿಯ ಮಾಳಿಗೆ ಮನೆ ಖಾಲಿ ಬಿದ್ದಿತ್ತು. ಎರಡಡಿ ದಪ್ಪದ ಕಲ್ಲುಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ನಡುಮನೆಗೆ ಒಂದು ಸಣ್ಣ ಗವಾಕ್ಷಿ. ತೇವ ಅಳೆಯುವ ಹೈಗ್ರೋಮೀಟರ್ ಇಟ್ಟು ಒಂದು ಬೇಸಿಗೆ ಪೂರ್ತಿ ಬರೆದುಕೊಂಡೆ: ಹೆಚ್ಚುಕಡಿಮೆ 35ರಿಂದ 42ರೊಳಗೇ ಓಡಾಟ. ರೈಸ್ ಮಿಲ್ಲಿನ ಹಮಾಲರು ಆರು ಜನ ಆ ಇನ್ನೂರು ಚಿಲ್ಲರೆ ಕಿಲೋ ಪಿಯಾನೋವನ್ನು ಹೊಸ್ತಿಲು ದಾಟಿಸಿದರು. ಗೋಡೆಗೆ ತಾಗಿಸದೆ ಒಂದು ಮೊಳ ಬಿಟ್ಟೆ. ಕೆಳಗಿನ ಹಲಗೆಯ ಒಳಗೆ ಏನಿಟ್ಟಿದ್ದೇನೆ ಅನ್ನೋದನ್ನ ಇನ್ನೆರಡು ಬೇಸಿಗೆ ನೋಡಿ ಆಮೇಲೆ ಹೇಳುತ್ತೇನೆ.

ಟ್ಯೂನಿಂಗ್ ನಾನೇ ಕಲಿತೆ. ತಂತಿ ಸುತ್ತಿದ ಪಿನ್ನು ತಿರುಗಿಸುವ ಲಿವರ್, ತಂತಿ ಸುಮ್ಮನಾಗಿಸುವ ಮ್ಯೂಟು, ಫೆಲ್ಟ್ ಪಟ್ಟಿ ಸೇರಿ 7 ಸಾವಿರ. ಕೈ ಕೂರಲು ವರ್ಷ ಬೇಕಾಯಿತು. ಬೇಸಿಗೆಯಲ್ಲಿ ಎ ಸ್ವರವನ್ನು ಮಾಮೂಲಿನ 440 ಹರ್ಟ್ಸ್‌ಗೆ ಎಳೆಯೋದೇ ಇಲ್ಲ. 438ಕ್ಕೆ ಬಿಟ್ಟು ಯೂನಿಸನ್‌ಗಳನ್ನಷ್ಟೇ, ಅಂದರೆ ಒಂದೇ ಕೀಲಿಯ ತಂತಿಗಳ ಹೊಂದಾಣಿಕೆಯನ್ನಷ್ಟೇ, ಸರಿಮಾಡುತ್ತೇನೆ. ಮಳೆ ಬಿದ್ದ ಮೇಲೆ ತಾನೇ ಏರುತ್ತದೆ. ವರ್ಷವೆಲ್ಲ 440ಕ್ಕೇ ಹಟ ಹಿಡಿಯುವುದರಿಂದ ತಂತಿಗೂ ಪಿನ್ನಿಗೂ ಒಳ್ಳೆಯದಾಗಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನಡುವೆ ಇನ್ನೊಂದು ಪ್ರಯೋಗ. ಕಂಪನಿ ನಾಟಕದಲ್ಲಿ ಪೇಟಿ ನುಡಿಸುತ್ತಿದ್ದ ಹಿರಿಯರೊಬ್ಬರ ಲೆಗ್ ಹಾರ್ಮೋನಿಯಂ ತಂದು ಫ್ಯೂಗನ್ನು ಅದರ ಮೇಲೆ ಸಾಧನೆ ಮಾಡಿದೆ. ಗಾಳಿ ಕಾಲಿನದು, ಎರಡೂ ಕೈ ಖಾಲಿ. ಬೆರಳೆತ್ತಿದ ಕೂಡಲೇ ಸ್ವರ ಸಾಯುತ್ತದೆ, ಪಿಯಾನೋದಂತೆ ಸ್ವರ ಎಳೆದಿಡುವ ಪೆಡಲಿನ ಹಿಂದೆ ಅವಿತುಕೊಳ್ಳಲಾಗದು. ಒಳಧ್ವನಿ ಹಿಡಿದಿಡುವ ಬೆರಳು ಅಲ್ಲೇ ತಯಾರಾಯಿತು. "ಇದು ಯಾವ ರಾಗ, ಮೂರು ಮಂದಿ ಜಗಳಾಡಿದಂಗೈತಲ್ಲ" ಅಂದರು ಆ ಪೇಟಿ ಮಾಸ್ತರು. ಮೂರು ಧ್ವನಿಯ ಫ್ಯೂಗ್ ಅದು, ಒಂದೇ ಸಲಕ್ಕೆ ಹಿಡಿದುಬಿಟ್ಟರು!

ಅಪ್‌ರೈಟ್‌ನಲ್ಲಿ ತಯಾರಾದವರು ಗ್ರ್ಯಾಂಡ್ (ತಂತಿಗಳು ಅಡ್ಡ ಮಲಗಿರುವ ದೊಡ್ಡ ಕಛೇರಿ ಪಿಯಾನೋ) ಮುಂದೆ ತಡವರಿಸುತ್ತಾರೆ ಅನ್ನೋ ಮಾತೂ ಇತ್ತು. 1821ರಲ್ಲಿ ಪಿಯಾನೋ ತಯಾರಕ ಎರಾರ್ ಪೇಟೆಂಟ್ ಪಡೆದ, ಡಬಲ್ ಎಸ್ಕೇಪ್‌ಮೆಂಟ್ ಅನ್ನೋ ಮರುಬಡಿತದ ಏರ್ಪಾಡು ಮಾಮೂಲಿ ಅಪ್‌ರೈಟ್‌ನಲ್ಲಿ ಇರಲ್ಲವಾದ್ದರಿಂದ ಮರುಬಡಿತಕ್ಕೆ ಕೀಲಿ ಹೆಚ್ಚುಕಡಿಮೆ ಪೂರ್ತಿ ಮೇಲೆ ಬರಬೇಕು. ಅದರಲ್ಲಿ ಪಳಗಿದ ಕೈಗೆ ಗ್ರ್ಯಾಂಡ್ ಹಗುರಾಯಿತು. ಕಛೇರಿಯ ಹಿಂದಿನ ದಿನ ಗ್ರ್ಯಾಂಡ್ ಜೊತೆ ಎರಡು ತಾಸು ಸಿಕ್ಕಿತು, ಅದನ್ನು ಪೂರ್ತಿ ಪೆಡಲಿಗೇ ಕೊಟ್ಟೆ.

ಸಂಭಾವನೆ 25 ಸಾವಿರ ಬಂತು. ಬಿಟ್ಟುಬಿಡು ಅಂದಿದ್ದ ಇಬ್ಬರು ಮಾಳಿಗೆ ಮನೆ ನೋಡಬೇಕು ಅಂತ ಫೋನ್ ಮಾಡಿದ್ದಾರೆ. ಮಳೆಗೆ ಮುಂಚೆ ಮಾಳಿಗೆಗೆ ಸವುಳು ಮಣ್ಣು ಹಾಕಿಸಬೇಕು, ಕೂಲಿ ಸೇರಿ 5-6 ಸಾವಿರ ಆದೀತು. ಆಮೇಲೆ ಶೂಬರ್ಟ್‌ನ ಬಿ ಫ್ಲ್ಯಾಟ್ ಸೊನಾಟಾ ಎತ್ತಿಕೊಳ್ಳುತ್ತೇನೆ.