7,20,720: ದೊಡ್ಡ ಸಂಖ್ಯೆಯೊಂದನ್ನು ಬಿಡಿಸಿ ನೋಡುವುದು ಹೇಗೆ?

ಏಳು ಲಕ್ಷದ ಇಪ್ಪತ್ತು ಸಾವಿರದ ಏಳುನೂರ ಇಪ್ಪತ್ತು. ಇಷ್ಟು ದೊಡ್ಡ ಸಂಖ್ಯೆಯ ಗುಣಗಳನ್ನು ತಿಳಿಯಲು ಕ್ಯಾಲ್ಕ್ಯುಲೇಟರ್ ಬೇಕಿಲ್ಲ. ಪೆನ್ನು, ಕಾಗದ ಸಾಕು.

ಕೂಡಲೇ ಭಾಗಿಸಲು ಹೊರಡಬೇಡಿ. ಮೊದಲು ಅಂಕಿಗಳನ್ನು ನೋಡಿ. 720 ಎರಡು ಸಲ ಬಂದಿದೆ, ಅಲ್ವಾ? ಹಾಗಾಗಿ ಇದು 720 × 1001. ಮೂರಂಕಿಯ ಯಾವ ಸಂಖ್ಯೆಯನ್ನು ಪಕ್ಕಪಕ್ಕ ಎರಡು ಸಲ ಬರೆದರೂ ಹೀಗೇ ಆಗುತ್ತದೆ. 1001 ಅಂದರೆ 7 × 11 × 13. 720 ಅನ್ನು ಒಡೆದರೆ 16 × 9 × 5. ಎಲ್ಲ ಸೇರಿಸಿ ಬರೆಯಿರಿ: 2 ನಾಲ್ಕು ಸಲ, 3 ಎರಡು ಸಲ, 5, 7, 11, 13 ಒಂದೊಂದು ಸಲ. ಇವೇ ಅವಿಭಾಜ್ಯ ಅಪವರ್ತನಗಳು. ಇವು ಸಿಕ್ಕರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿಯಿತು.

ಈಗ ಭಾಜಕಗಳ, ಅಂದರೆ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳ, ಎಣಿಕೆ. ಒಂದೊಂದನ್ನೂ ಬರೆಯುತ್ತಾ ಕೂರಬೇಕಿಲ್ಲ. ಒಂದು ಭಾಜಕ ಕಟ್ಟುವಾಗ 2 ಅನ್ನು ಒಮ್ಮೆಯೂ ತೆಗೆದುಕೊಳ್ಳದಿರಬಹುದು, ಇಲ್ಲವೇ ನಾಲ್ಕು ಸಲದವರೆಗೆ ತೆಗೆದುಕೊಳ್ಳಬಹುದು. ಅಲ್ಲಿಗೆ 5 ದಾರಿ. 3ಕ್ಕೆ 3 ದಾರಿ. ಉಳಿದ ನಾಲ್ಕಕ್ಕೂ ಎರಡೆರಡೇ: ಬೇಕು ಅಥವಾ ಬೇಡ. 5 × 3 × 2 × 2 × 2 × 2 = 240. ಇದಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಗೂ ಇಷ್ಟು ಭಾಜಕಗಳಿಲ್ಲ! ಇಂಥ ಸಂಖ್ಯೆಗಳಿಗೆ 'ಹೈಲಿ ಕಾಂಪೊಸಿಟ್' ಎಂದು ಹೆಸರಿಟ್ಟು, 1915ರಲ್ಲಿ ದೀರ್ಘ ಪ್ರಬಂಧ ಪ್ರಕಟಿಸಿದವರು ಶ್ರೀನಿವಾಸ ರಾಮಾನುಜನ್. ಅವರ ಪಟ್ಟಿಯಲ್ಲಿ 7,20,720 ಕೂಡ ಇದೆ.

ಪೂರ್ಣ ವರ್ಗವೇ? ಅಲ್ಲ. ಪೂರ್ಣ ವರ್ಗದಲ್ಲಿ ಪ್ರತಿ ಅವಿಭಾಜ್ಯವೂ ಸಮ ಸಲ ಬರಬೇಕು. ಇಲ್ಲಿ 5 ಒಂದೇ ಸಲ ಬಂದಿದೆ.

ಮುಂದಿನ ಪ್ರಶ್ನೆ: ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ಸಂಖ್ಯೆಗಿಂತ ಹೆಚ್ಚೋ, ಕಡಿಮೆಯೋ, ಸಮವೋ? ಸಮವಾದರೆ ಅದು ಪರಿಪೂರ್ಣ ಸಂಖ್ಯೆ, ಹೆಚ್ಚಾದರೆ ಸಮೃದ್ಧ ಸಂಖ್ಯೆ. 239 ಭಾಜಕಗಳನ್ನೂ ಕೂಡಬೇಕೇ? ಬೇಡ. ಅರ್ಧ 3,60,360, ಮೂರನೇ ಒಂದು ಭಾಗ 2,40,240, ಕಾಲು ಭಾಗ 1,80,180. ಈ ಮೂರೇ ಸೇರಿ 7,80,780 ಆಗಿ, ಮೂಲ ಸಂಖ್ಯೆಯನ್ನು ದಾಟಿಬಿಟ್ಟವು. ಹಾಗಾಗಿ ಇದು ಸಮೃದ್ಧ.

ಅಂಕಿಗಳ ಮೊತ್ತ 18. ಆ 18ರಿಂದಲೇ ಸಂಖ್ಯೆ ಭಾಗವಾಗುತ್ತದೆ, 40,040 ಬರುತ್ತದೆ. ಇಂಥವನ್ನು ಗಣಿತಜ್ಞ ಡಿ. ಆರ್. ಕಾಪ್ರೇಕರ್ ಹರ್ಷದ ಸಂಖ್ಯೆ ಎಂದು ಕರೆದರು. ಚೆಂದದ ಗುಣವೇ. ಆದರೆ ಇದು ನಾವು ಹತ್ತರ ಪದ್ಧತಿಯಲ್ಲಿ ಬರೆಯುವುದಕ್ಕೆ ಅಂಟಿಕೊಂಡದ್ದು. 240 ಭಾಜಕಗಳು ಮಾತ್ರ ಯಾವ ಪದ್ಧತಿಯಲ್ಲಿ ಬರೆದರೂ 240ರಷ್ಟೇ. ನನಗೆ ಅದೇ ದೊಡ್ಡ ಗುಣ ಅನ್ನಿಸುತ್ತದೆ.

ಕೊನೆಗೆ ಅಕ್ಕಪಕ್ಕವನ್ನೂ ನೋಡಿ. 1ರಿಂದ 16ರವರೆಗಿನ ಎಲ್ಲ ಸಂಖ್ಯೆಗಳ ಲ.ಸಾ.ಅ. (ಅವೆಲ್ಲವುಗಳಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಇದೇ 7,20,720. ಆದ್ದರಿಂದ ಇದಕ್ಕೆ 2 ಕೂಡಿಸಿದರೆ 2ರಿಂದ, 3 ಕೂಡಿಸಿದರೆ 3ರಿಂದ, ಹೀಗೆ 16ರವರೆಗೂ ಭಾಗವಾಗುತ್ತದೆ. 7,20,722ರಿಂದ 7,20,736ರವರೆಗೆ ಸಾಲಾಗಿ 15 ಸಂಖ್ಯೆಗಳಲ್ಲಿ ಒಂದೂ ಅವಿಭಾಜ್ಯವಲ್ಲ. ನಡುವೆ ಉಳಿದ 7,20,721 ಅವಿಭಾಜ್ಯವೇ? 2ರಿಂದ 16ರವರೆಗೆ ಯಾವುದರಿಂದ ಭಾಗಿಸಿದರೂ ಶೇಷ 1 ಬರುತ್ತದೆ. ಇದರ ವರ್ಗಮೂಲ 849ಕ್ಕಿಂತ ತುಸು ಕಡಿಮೆ; ಭಾಜಕ ಇದ್ದರೆ ಒಂದಾದರೂ ಅದರೊಳಗೇ ಸಿಗಬೇಕು. ಹಾಗಾಗಿ 17ರಿಂದ ಶುರುಮಾಡಿ, 848ರೊಳಗಿನ ಅವಿಭಾಜ್ಯಗಳಿಂದ ಮಾತ್ರ ಭಾಗಿಸಿ ನೋಡಿದರೆ ಸಾಕು.