ಮಿದುಳಿನ ಸೋಂಕಿನಲ್ಲಿ ರಕ್ತ ಹುಡುಕುವಾಗ ಫೇಸ್ ಇಮೇಜ್ ತೆರೆಯಿರಿ

ರೇಡಿಯಾಲಜಿ ಪಿಜಿ ಎರಡನೇ ವರ್ಷದಲ್ಲಿ, ಜ್ವರ ಬಂದು ಫಿಟ್ಸ್ ಆಗಿದ್ದ ಹುಡುಗನೊಬ್ಬನ ಎಂಆರ್‌ಐಯಲ್ಲಿ ಕಪ್ಪು ಚುಕ್ಕೆ ಕಂಡು ‘ರಕ್ತಸ್ರಾವ’ ಎಂದು ಬರೆದಿದ್ದೆ. ಅದು ಲಾಡಿಹುಳುವಿನ ಹಳೆಯ ಗಂಟು, ಸುಣ್ಣಗಟ್ಟಿತ್ತು. ನಮ್ಮ ಮೇಡಂ ಪಕ್ಕದಲ್ಲಿ ಕೂರಿಸಿಕೊಂಡು ಫೇಸ್ ಇಮೇಜ್ ತೆರೆಸಿದರು: ಎಸ್‌ಡಬ್ಲ್ಯುಐ ಎಂಬ ಎಂಆರ್‌ಐ ಸ್ಕ್ಯಾನಿನ ಜೊತೆಗೇ ಸಿಗುವ, ರಕ್ತ ಯಾವುದು ಸುಣ್ಣ ಯಾವುದು ಎಂದು ಬೇರೆ ಮಾಡಿ ತೋರಿಸುವ ಚಿತ್ರ. ಅಂದು ಕಲಿತದ್ದನ್ನೇ ಈಗ ನನ್ನ ಕಿರಿಯರಿಗೆ ಹೇಳಿಕೊಡುತ್ತೇನೆ.

ಮೊದಲು ಟೆಕ್ನಿಷಿಯನ್ ಜೊತೆ ಮಾತಾಡಿ. ಮಿದುಳು ಜ್ವರದ ರೋಗಿ ಹೆಚ್ಚು ಹೊತ್ತು ಅಲುಗದೆ ಮಲಗುವುದು ಕಷ್ಟ. ರಕ್ತ, ಸುಣ್ಣ ಎರಡನ್ನೂ ಕಪ್ಪಾಗಿ ತೋರಿಸುವ ಎಸ್‌ಡಬ್ಲ್ಯುಐಗೆ ಕೆಲವು ನಿಮಿಷ ಬೇಕು, ಕೊನೆಗಿಟ್ಟರೆ ಕೆಡುತ್ತದೆ. ಡಿಫ್ಯೂಷನ್, ಫ್ಲೇರ್ ಎಂಬ ಎಂಆರ್‌ಐ ಚಿತ್ರಗಳು ಆದ ಕೂಡಲೇ, ಕಾಂಟ್ರಾಸ್ಟ್ ಔಷಧಿ ಕೊಡುವ ಮುಂಚೆ ತೆಗೆಸಿ. ಟಿಇ, ಅಂದರೆ ಸಿಗ್ನಲ್ ಹಿಡಿಯುವ ಮುನ್ನ ಯಂತ್ರ ಕಾಯುವ ಹೊತ್ತು, 3 ಟೆಸ್ಲಾ ಕಾಂತಬಲದ ಯಂತ್ರದಲ್ಲಿ ಸುಮಾರು 20 ಮಿಲಿಸೆಕೆಂಡ್, 1.5 ಟೆಸ್ಲಾದಲ್ಲಿ 40. ಫೇಸ್ ಇಮೇಜನ್ನೂ ಪ್ಯಾಕ್ಸ್‌ಗೆ (ಆಸ್ಪತ್ರೆಯ ಸ್ಕ್ಯಾನ್ ಚಿತ್ರಗಳ ಕಂಪ್ಯೂಟರ್ ಸಂಗ್ರಹ) ಕಳಿಸಲು ತಪ್ಪದೆ ಹೇಳಿ.

ಚುಕ್ಕೆ ಕಂಡರೆ ಮೇಲೆ ಕೆಳಗೆ ಸ್ಲೈಸ್ ಸರಿಸಿ. ಗೆರೆಯಾಗಿ ಮುಂದುವರಿದರೆ ಅದು ಅಭಿಧಮನಿ. ಅಲ್ಲೇ ಗುಂಡಗೆ ಮುಗಿದರೆ ಫೇಸ್‌ಗೆ ಹೋಗಿ. ಅಲ್ಲಿ ರಕ್ತ ಬಿಳಿಯೋ ಕಪ್ಪೋ ಎಂಬುದು ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ, ಬಾಯಿಪಾಠ ಮಾಡಬೇಡಿ. ಅದೇ ರೋಗಿಯ ದೊಡ್ಡ ಅಭಿಧಮನಿಯೊಂದನ್ನು ನೋಡಿ: ಚುಕ್ಕೆ ಅದರಂತೆಯೇ ಇದ್ದರೆ ರಕ್ತ, ತದ್ವಿರುದ್ಧವಿದ್ದರೆ ಕ್ಯಾಲ್ಸಿಯಂ. ಹಳೆಯ ರಕ್ತ ಬಿಟ್ಟುಹೋಗುವ ಹಿಮೋಸಿಡರಿನ್ನಿನ ಕಬ್ಬಿಣ ಮತ್ತು ಕ್ಯಾಲ್ಸಿಯಂ ಕಾಂತಕ್ಷೇತ್ರವನ್ನು ಎದುರುಬದುರಾಗಿ ಬಾಗಿಸುವುದೇ ಇದಕ್ಕೆ ಕಾರಣ. ಚುಕ್ಕೆ ದೊಡ್ಡದಾದರೆ ಫೇಸ್‌ನ ಅಳತೆ ಒಂದು ಸುತ್ತು ದಾಟಿ ಬಿಳಿ-ಕಪ್ಪು ಗೊಂದಲವಾಗುತ್ತದೆ. ಆಗ ಸಿಟಿ ಸ್ಕ್ಯಾನ್ ನೋಡಿಬಿಡಿ.

ಹರ್ಪಿಸ್ ವೈರಸ್ಸಿನ ಮಿದುಳು ಜ್ವರದಲ್ಲಿ ಟೆಂಪೊರಲ್ (ಕಿವಿ ಪಕ್ಕದ) ಹಾಲೆಯ ಒಳಭಾಗ, ಅದರ ಪಕ್ಕದ ಮಡಿಕೆಯೊಳಗಿನ ಇನ್ಸುಲಾ, ಹಣೆಯ ಹಾಲೆಯ ತಳ, ಇಲ್ಲೆಲ್ಲ ರಕ್ತ ಹುಡುಕಿ. ತೊಂದರೆ ಏನೆಂದರೆ, ಕಿವಿಯ ಮೂಳೆ ಮತ್ತು ಸೈನಸ್‌ನ ಗಾಳಿ ಅಲ್ಲೇ ಸುಳ್ಳು ಕಪ್ಪು ಬಳಿಯುತ್ತವೆ. ಟಿ1 ಎಂಬ ಇನ್ನೊಂದು ಎಂಆರ್‌ಐ ಚಿತ್ರದಲ್ಲಿ ಅದೇ ಜಾಗ ಬೆಳ್ಳಗಿದ್ದರೆ ರಕ್ತವೆಂದು ನಂಬಬಹುದು. ರಕ್ತ ಕಾಣಲಿಲ್ಲವೆಂದು ಹರ್ಪಿಸ್ ಅಲ್ಲ ಅನ್ನಬೇಡಿ, ಹರ್ಪಿಸ್‌ಗೆ ಕೊಡುವ ಅಸೈಕ್ಲೋವಿರ್ ಔಷಧಿ ಇದಕ್ಕೆ ಕಾಯಬಾರದು. ಜಪಾನೀಸ್ ಎನ್ಸೆಫಲೈಟಿಸ್, ಡೆಂಗಿ ಶಂಕೆಯಿದ್ದರೆ ಮಿದುಳಿನ ನಡುವೆ ಎಡಬಲಕ್ಕಿರುವ ಎರಡೂ ಥಲಾಮಸ್ ನೋಡಿ.

ಕಾರ್ಟೆಕ್ಸ್‌ನಲ್ಲಿ (ಮಿದುಳಿನ ಹೊರಪದರ) ಚದುರಿದ ಸಣ್ಣ ಚುಕ್ಕೆಗಳು, ಜೊತೆಗೆ ಜ್ವರ ಇದ್ದರೆ ನಾನು ವರದಿ ಟೈಪ್ ಮಾಡುವ ಮೊದಲೇ ವಾರ್ಡಿಗೆ ಫೋನ್ ಮಾಡುತ್ತೇನೆ: ಹೃದಯದ ಕವಾಟದಲ್ಲಿ ಸೋಂಕಿದೆಯೇ, ಹೃದಯದ ಎಕೋ ಸ್ಕ್ಯಾನ್ ಆಗಿದೆಯೇ, ರಕ್ತ ತೆಳುವಾಗಿಸುವ ಔಷಧಿ ನಡೆಯುತ್ತಿದೆಯೇ? ಮೈಕಾಟಿಕ್ ಅನ್ಯೂರಿಸಂ (ಸೋಂಕಿನಿಂದ ಉಬ್ಬಿದ ರಕ್ತನಾಳ) ಹುಡುಕಲು ಆಂಜಿಯೊ, ಅಂದರೆ ರಕ್ತನಾಳಗಳ ಸ್ಕ್ಯಾನ್, ಕೇಳುವುದೂ ಅದೇ ಕರೆಯಲ್ಲಿ.